ದೂರಶಿಕ್ಷಣವೂ ಹಳ್ಳಿಯ ಚಿಕ್ಕ ಶಾಲೆಯೂ

(ಶ್ರೀಮಠದ ಮಹೋತ್ಸವದ ವಿದ್ಯಾಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

  

ಈ ಮಂಗಲಪ್ರಸಂಗದಲ್ಲಿ ದೂರಶಿಕ್ಷಣದ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ಪಾಠಶಾಲೆಯಲ್ಲಿ ಗುರುಗಳೆದುರು ಚಾಪೆಯ ಮೇಲೆ ಕುಳಿತು ವ್ಯಾಕರಣ ಸಾಹಿತ್ಯಗಳನ್ನು ಕಲಿತ ನನ್ನಂಥವನಿಗೂ ಈ ವಿಷಯಕ್ಕೂ ಏನು ಸಂಬಂಧವೆಂದು ನಿಮ್ಮಲ್ಲಿ ಹಲವರಿಗೆ ಅನಿಸಿರಬಹುದು. ಕೆಲವು ವರ್ಷಗಳ ಹಿಂದೆ ನನಗೂ ಹಾಗೆಯೇ ಅನಿಸುತ್ತಿತ್ತು. ಗುರುವಿನ ಮುಖವನ್ನು ಕಾಣದೆ ಬಂದ ವಿದ್ಯೆಯು ವಿದ್ಯೆಯೇ ಅಲ್ಲವೆಂದು ನಾನು ಇದೇ ಹಜಾರದಲ್ಲಿ ವಾದಿಸಿದ್ದೂ ಉಂಟು. ಆ ಅಭಿಪ್ರಾಯವು ಯಾವ ಕಾರಣದಿಂದ ಬದಲಾಯಿತು, ಎಷ್ಟರಮಟ್ಟಿಗೆ ಬದಲಾಗಿಲ್ಲ ಎಂಬುದನ್ನು ನಿಮ್ಮ ಮುಂದೆ ಬಿನ್ನವಿಸುವದೇ ಈ ಉಪನ್ಯಾಸದ ಉದ್ದೇಶವು.

ಮೊದಲು ನಮ್ಮ ನಾಡಿನ ಸ್ಥಿತಿಯನ್ನು ನೋಡೋಣ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಇವು ಧಾರವಾಡ ಜಿಲ್ಲೆಯೊಳಗಿನವೇ ಆದರೂ ಧಾರವಾಡವು ಇವುಗಳ ಎಲ್ಲ ಹಳ್ಳಿಗಳಿಗೆ ಸಮೀಪವಾಗಿಲ್ಲ. ನವಲಗುಂದಕ್ಕೂ ಕಲಘಟಗಿಗೂ ರೈಲುಮಾರ್ಗವಿಲ್ಲ. ನವಲಗುಂದದ ಕಡೆಗೆ ಎರೆಭೂಮಿ. ಮಳೆಗಾಲದಲ್ಲಿ ಬೆಣ್ಣಿಹಳ್ಳವು ಏರಿತೆಂದರೆ ಹಾದಿಗಳು ಕಡಿದುಹೋಗುವವು. ಕಲಘಟಗಿಯ ಕಡೆಗೆ ಅರೆಮಲೆನಾಡು; ಅಲ್ಲಿ ಹಳ್ಳಿಯಿಂದ ಹಳ್ಳಿಗೆ ಅಡವಿಯು ಅಡ್ಡವಾಗಿದೆ. ಇಂಥ ಊರುಗಳಲ್ಲಿ ಪ್ರೌಢಶಾಲೆಯಿದ್ದರೆ ಅದೇ ಭಾಗ್ಯವೆಂದು ತಿಳಿಯುವ ಕಾಲವೊಂದಿತ್ತು. ಈಗ ಪ್ರೌಢಶಾಲೆಯು ಹಲವೆಡೆಗಳಲ್ಲಿದೆ. ಆದರೆ ಎಸ್. ಎಸ್. ಎಲ್. ಸಿ. ಯನ್ನು ಮುಗಿಸಿದ ಹುಡುಗನು ಗಣಿತವನ್ನೋ ಭೌತಶಾಸ್ತ್ರವನ್ನೋ ಮುಂದೆ ಓದುತ್ತೇನೆಂದರೆ ಊರಿನಲ್ಲಿ ಅದಕ್ಕೆ ಉಪಾಯವಿಲ್ಲ.

ಇದರಲ್ಲಿ ಯಾರ ದೋಷವೆಂದು ಹುಡುಕುವದಕ್ಕಿಂತ ಲೆಕ್ಕವನ್ನು ನೋಡುವದು ಲೇಸು. ಚಿಕ್ಕ ಊರಿನಲ್ಲಿ ಉನ್ನತ ಗಣಿತವನ್ನು ಬೇಡುವ ಮಕ್ಕಳು ಮೂವರೋ ನಾಲ್ವರೋ ಇರುವರು. ನಾಲ್ಕು ಮಕ್ಕಳಿಗಾಗಿ ಒಬ್ಬ ಪಂಡಿತರನ್ನು ಸಂಬಳ ಕೊಟ್ಟು ಇರಿಸಿಕೊಳ್ಳುವದು ಸರಕಾರಕ್ಕೂ ಸಾಧ್ಯವಾಗದು, ಶ್ರೀಮಠಕ್ಕೂ ಸಾಧ್ಯವಾಗದು. ಆದರೆ ಅಂಥ ಹತ್ತು ಊರುಗಳ ಮಕ್ಕಳನ್ನು ಕೂಡಿಸಿ ಎಣಿಸಿದರೆ ನಾಲ್ವತ್ತು ಆಗುವರು. ನಾಲ್ವತ್ತು ಮಕ್ಕಳಿಗೆ ಒಬ್ಬ ಪಂಡಿತರು ಭಾರವಲ್ಲ. ಆ ಮಕ್ಕಳನ್ನು ಒಂದೆಡೆಗೆ ತರುವದು ಹೇಗೆ, ಇಲ್ಲವೆ ಆ ಪಂಡಿತರ ಮಾತನ್ನು ಹತ್ತೂ ಎಡೆಗಳಿಗೆ ಒಯ್ಯುವದು ಹೇಗೆ? ದೂರಶಿಕ್ಷಣದ ಪ್ರಶ್ನೆಯೆಲ್ಲವೂ ಇಷ್ಟರಲ್ಲಿಯೇ ಅಡಗಿದೆ.

ನಮ್ಮ ಹಿರಿಯರು ಮೊದಲನೆಯ ಉಪಾಯವನ್ನು ಹಿಡಿದರು; ಮಕ್ಕಳನ್ನು ವಿದ್ಯೆಯಿರುವ ಎಡೆಗೆ ಕಳುಹಿಸಿದರು. ಆ ಕಾರ್ಯದಲ್ಲಿ ಈ ನಾಡು ತೋರಿದ ಔದಾರ್ಯವು ಸಾಮಾನ್ಯವಾದುದಲ್ಲ. 1906ರಲ್ಲಿ ಲಿಂಗೈಕ್ಯರಾದ ತ್ಯಾಗವೀರ ಸಿರಸಂಗಿ ಲಿಂಗರಾಜ ದೇಸಾಯಿಯವರು ಸಿರಸಂಗಿ-ನವಲಗುಂದ ಸಂಸ್ಥಾನದ ತಮ್ಮ ಆಸ್ತಿಯನ್ನು ವಿದ್ಯೆಗೆಂದು ಬರೆದಿಟ್ಟರು. ಆ ನಿಧಿಯ ವಿದ್ಯಾರ್ಥಿವೇತನದಿಂದ ಎಷ್ಟೋ ಬಡಮಕ್ಕಳು ಓದಿ ಮೇಲೆ ಬಂದರು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯಪ್ಪಗಳವರು ಉಚಿತ ಪ್ರಸಾದನಿಲಯವನ್ನು ನಡೆಸಿ, ಹಳ್ಳಿಯಿಂದ ಬಂದ ಹುಡುಗರಿಗೆ ಅನ್ನವನ್ನೂ ನೆಲೆಯನ್ನೂ ಕೊಟ್ಟರು. ಬುತ್ತಿಯ ಗಂಟಿನೊಡನೆ ಊರು ಬಿಟ್ಟವನು ಪದವೀಧರನಾಗಿ ತಿರುಗಿ ಬಂದ ಕಥೆಯು ನಮ್ಮ ಪ್ರತಿಯೊಂದು ಊರಿನಲ್ಲಿಯೂ ಒಂದಾದರೂ ಸಿಕ್ಕೀತು.

ಸಂಗೀತವಿದ್ಯೆಯಲ್ಲಿಯೂ ಇದನ್ನೇ ಕಾಣುತ್ತೇವೆ. ಸವಾಯಿ ಗಂಧರ್ವರು ಕುಂದಗೋಳದಲ್ಲಿ ನೆಲೆಸಿದ್ದಾಗ ಭೀಮಸೇನ ಜೋಶಿಯವರು ಗದಗಿನಿಂದ ಬಂದು ಗುರುಗಳ ಮನೆಯಲ್ಲಿಯೇ ಇದ್ದು ಕಲಿತರು. ಗಂಗೂಬಾಯಿ ಹಾನಗಲ್ಲರು ಸಂಸಾರವನ್ನು ಹುಬ್ಬಳ್ಳಿಯಲ್ಲಿಟ್ಟುಕೊಂಡು, ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಬಂದು ಕಲಿತರು. ಒಬ್ಬರು ಗುರುಗೃಹದಲ್ಲಿ ವಾಸಿಸಿದರು, ಮತ್ತೊಬ್ಬರು ಹಾದಿಯನ್ನು ಸವೆಸಿದರು, ಇಬ್ಬರೂ ಜಗತ್ಪ್ರಸಿದ್ಧರಾದರು. ಆದರೆ ಗುರುಗೃಹದಲ್ಲಿ ವಾಸಿಸಲಾರದವರೂ ರೈಲನ್ನು ಹತ್ತಲಾರದವರೂ ಏನು ಮಾಡಬೇಕು?

ಈ ಪ್ರಶ್ನೆಯು ನನ್ನನ್ನು ತಟ್ಟಿದ ಪ್ರಸಂಗವನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಶ್ರೀಮಠದ ಭಕ್ತರಾದ ರೈತರೊಬ್ಬರು ತಮ್ಮ ಮಗಳನ್ನು ಕರೆದುಕೊಂಡು ನನ್ನ ಬಳಿಗೆ ಬಂದರು. ಹುಡುಗಿಯು ಎಸ್. ಎಸ್. ಎಲ್. ಸಿ. ಯ ಗಣಿತದಲ್ಲಿ ಶಾಲೆಗೇ ಮೊದಲಿಗಳಾಗಿದ್ದಳು. ವಿಜ್ಞಾನದ ಕಾಲೇಜಿಗೆ ಹೋಗಬೇಕಾದರೆ ಎರಡು ಬಸ್ಸುಗಳನ್ನು ಬದಲಿಸಬೇಕು. "ಶಾಸ್ತ್ರಿಗಳ, ಹುಡುಗಿ ಶ್ಯಾಣ್ಯಾ ಅದಾಳ್ರೀ, ಇಲ್ಲನ್ನೂದಿಲ್ಲ. ಆದ್ರ ಕತ್ತಲಾದ ಮ್ಯಾಲೆ ಬಸ್ಸು ಇಳದು ಒಬ್ಬಾಕಿನ ಮನಿಗೆ ಬರೂದು ಹ್ಯಾಂಗ್ರೀ? ವಸತಿಗೆ ಇಡೂಣಂದ್ರ ನಮಗ ನೀಗೂದಿಲ್ಲ. ನೀವ ಏನರ ಹೇಳ್ರಿ" ಎಂದರು. ನಾನು ಆಗ ಬಹಳ ವಿಚಾರಿಸಲಿಲ್ಲ. "ಹತ್ತಿರ ಏನದನೋ ಅದನ್ನ ಓದಲಿ, ವಿದ್ಯೆ ಎಲ್ಲಾ ಒಂದ" ಎಂದುಬಿಟ್ಟೆನು. ಹುಡುಗಿಯು ಏನೂ ಮಾತನಾಡದೆ ನಮಸ್ಕರಿಸಿ ಹೋದಳು. ಹತ್ತಿರದ ಕಾಲೇಜಿನಲ್ಲಿ ಕಲಾವಿಭಾಗಕ್ಕೆ ಸೇರಿ, ಎರಡನೆಯ ವರ್ಷ ಮುಗಿಯುವದರೊಳಗೆ ಲಗ್ನವಾಗಿ ಗಂಡನ ಮನೆಗೆ ಹೋದಳು. ಕಲಾವಿಭಾಗವು ಕಡಿಮೆಯದೆಂದು ನಾನು ಹೇಳುವದಿಲ್ಲ. ನಾನು ಓದಿದ್ದೂ ಕಾವ್ಯಶಾಸ್ತ್ರಗಳನ್ನೇ. ಆದರೆ ಆ ಹುಡುಗಿಯು ಬೇಡಿದ್ದು ಅದನ್ನಲ್ಲ. ಬೇಡಿದವಳಿಗೆ ಬೇಡಿದ್ದನ್ನು ಕೊಡುವ ದಾರಿಯನ್ನು ಹುಡುಕದೆ, ಇದ್ದುದನ್ನೇ ತೋರಿಸಿ ಕಳುಹಿಸಿದ ಹೊರೆಯು ನನ್ನ ಮೇಲೆ ಉಳಿದಿದೆ.

ಆಗ ಎರಡನೆಯ ಉಪಾಯದ ವಿಚಾರವು ನನ್ನ ಮನಸ್ಸಿಗೆ ಬಂದಿತು. ಮಗುವು ವಿದ್ಯೆಯ ಬಳಿಗೆ ಹೋಗಲಾರದಿದ್ದರೆ ವಿದ್ಯೆಯು ಮಗುವಿನ ಬಳಿಗೆ ಬರಬೇಕು. ವಿಚಾರಿಸುತ್ತ ಹೋದಂತೆ ಇದು ಹೊಸ ಮಾತೇನೂ ಅಲ್ಲವೆಂದು ಕಂಡುಬಂದಿತು. ಲಂಡನ್ ವಿಶ್ವವಿದ್ಯಾಲಯವು 1858ರಷ್ಟು ಹಿಂದೆಯೇ, ತನ್ನ ಆವರಣವನ್ನು ಕಾಣದ ವಿದ್ಯಾರ್ಥಿಗಳಿಗೂ ತನ್ನ ಪರೀಕ್ಷೆಗಳನ್ನು ತೆರೆದಿಟ್ಟಿತು. ನಮ್ಮಲ್ಲಿ ಮೈಸೂರು ವಿಶ್ವವಿದ್ಯಾಲಯವು 1969ರಲ್ಲಿ ಅಂಚೆಯ ಮೂಲಕ ಶಿಕ್ಷಣವನ್ನು ಆರಂಭಿಸಿತು. ಅದೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಇನ್ನೂ ಹಿಂದಿನದನ್ನು ಹೇಳುವದಾದರೆ, ಧಾರವಾಡದಲ್ಲಿ ಹುಟ್ಟಿ ವಿಜಾಪುರವನ್ನು ಕರ್ಮಭೂಮಿಯನ್ನಾಗಿ ಮಾಡಿಕೊಂಡ ಫ. ಗು. ಹಳಕಟ್ಟಿಯವರು 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ತಾಡವೋಲೆಗಳಲ್ಲಿ ಅಡಗಿದ್ದ ವಚನಗಳು ಅಚ್ಚಾಗಿ ಟಪಾಲಿನಲ್ಲಿ ಊರೂರಿಗೆ ಹೋದುವು. ಅದನ್ನು ಓದಿ ಕಲಿತವರೆಲ್ಲರೂ ಒಂದು ಬಗೆಯಲ್ಲಿ ದೂರಶಿಕ್ಷಣದ ವಿದ್ಯಾರ್ಥಿಗಳೇ ಅಲ್ಲವೆ?

ಟಪಾಲಿನ ತರುವಾಯ ಆಕಾಶಮಾರ್ಗವು ತೆರೆಯಿತು. 1950ರ ಜನೆವರಿ 8ರಂದು ಧಾರವಾಡದಲ್ಲಿ ಆಕಾಶವಾಣಿಯು ಆರಂಭವಾಯಿತು. 1975ರ ಆಗಸ್ಟದಿಂದ ಒಂದು ವರ್ಷದ ವರೆಗೆ ಅಮೇರಿಕೆಯ ಉಪಗ್ರಹವೊಂದರ ಸಹಾಯದಿಂದ, ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ದೂರದರ್ಶನದ ಪಾಠಗಳನ್ನು ಮುಟ್ಟಿಸಲಾಯಿತು. ಅವುಗಳಲ್ಲಿ ನಮ್ಮ ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಇದ್ದುವು. ವರ್ಷ ತುಂಬಿದೊಡನೆ ಉಪಗ್ರಹವನ್ನು ಅಮೇರಿಕೆಯವರು ತಮ್ಮ ಕಡೆಗೆ ಸರಿಸಿಕೊಂಡರು. ಎರವಲು ತಂದ ದೀಪವು ಎಷ್ಟು ದಿನ ಉರಿದೀತು? 2004ರ ಸಪ್ಟೆಂಬರ 20ರಂದು ನಮ್ಮ ದೇಶದವರೇ ಶಿಕ್ಷಣದ ಸಲುವಾಗಿಯೇ 'ಎಜುಸ್ಯಾಟ್' ಎಂಬ ಉಪಗ್ರಹವನ್ನು ಮೇಲಕ್ಕೆ ಕಳುಹಿಸಿದರು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಅದರಿಂದ ಪಾಠಗಳು ಬಂದುವು. ಆ ಉಪಗ್ರಹದ ಕಾರ್ಯವು 2010ರಲ್ಲಿ ಮುಗಿಯಿತು. 2017ರ ಜುಲೈ 9ರಂದು ಕೇಂದ್ರಸರಕಾರವು 'ಸ್ವಯಂ' ಎಂಬ ಅಂತರ್ಜಾಲದ ವಿದ್ಯಾಪೀಠವನ್ನೂ, 'ಸ್ವಯಂಪ್ರಭಾ' ಎಂಬ 32 ದೂರದರ್ಶನ ವಾಹಿನಿಗಳನ್ನೂ ತೆರೆಯಿತು. ಆ ವಾಹಿನಿಗಳಲ್ಲಿ ದಿನಕ್ಕೆ ನಾಲ್ಕು ತಾಸು ಹೊಸ ಪಾಠವನ್ನು ಹೇಳಿ, ಅದನ್ನೇ ಮತ್ತೆ ಐದು ಸಲ ತೋರಿಸುವ ಕ್ರಮವನ್ನಿಟ್ಟರು. ಮುಂಜಾನೆ ಕರೆಂಟು ಹೋದರೆ ರಾತ್ರಿ ನೋಡಬಹುದಲ್ಲವೆ? ಹಳ್ಳಿಯ ಕಷ್ಟವನ್ನು ಬಲ್ಲವರು ಮಾಡಿದ ವ್ಯವಸ್ಥೆಯಿದು.

ಹೀಗೆ ಪಾಠಕ್ಕೆ ಈಗ ಬರವಿಲ್ಲ. ದೇಶದ ಘನವಿದ್ವಾಂಸರು ಹೇಳಿದ ಗಣಿತವೂ ಭೌತಶಾಸ್ತ್ರವೂ ಅಂಗೈಯೊಳಗಿನ ಮೊಬೈಲಿನಲ್ಲಿ ಬಿಟ್ಟಿಯಾಗಿ ದೊರೆಯುವವು. ಹಾಗಾದರೆ ನಮ್ಮ ಹಳ್ಳಿಯ ಮಕ್ಕಳೆಲ್ಲರೂ ಪಂಡಿತರಾಗಬೇಕಾಗಿತ್ತಲ್ಲ! ಏಕೆ ಆಗಲಿಲ್ಲ?

ಇದಕ್ಕೆ ಉತ್ತರವನ್ನು 2020ನೆಯ ಇಸವಿಯು ನಮಗೆ ಕಲಿಸಿತು. ಕೊರೊನಾ ರೋಗದ ಭೀತಿಯಿಂದ ಶಾಲೆಗಳೆಲ್ಲ ಮುಚ್ಚಿದಾಗ ಸರಕಾರವು ಚಂದನ ವಾಹಿನಿಯಲ್ಲಿ 'ಸೇತುಬಂಧ', 'ಸಂವೇದ' ಎಂಬ ಪಾಠಗಳನ್ನು ಹೇಳಿಸಿತು. ಪಾಠಗಳು ಚೆನ್ನಾಗಿಯೇ ಇದ್ದುವು. ಆದರೆ ಮನೆಗೊಂದೇ ಮೊಬೈಲು. ಅದು ಅಪ್ಪನ ಕಿಸೆಯಲ್ಲಿ, ಅಪ್ಪನು ಹೊಲದಲ್ಲಿ. ದೂರದರ್ಶನದ ಮುಂದೆ ಕೂಡ್ರಿಸಿದರೂ ಮಗುವು ಒಂದು ಗಳಿಗೆ ನೋಡಿ ಎದ್ದುಹೋಗುವದು. ತಿಳಿಯದ ಮಾತನ್ನು ಯಾರನ್ನು ಕೇಳಬೇಕು? ಆ ಆಗಸ್ಟಿನಲ್ಲಿ 'ವಿದ್ಯಾಗಮ' ಎಂಬ ಹೆಸರಿನಿಂದ ಮಾಸ್ತರರು ಊರೂರಿಗೆ ಬಂದು, ಗುಡಿಯ ಕಟ್ಟೆಯ ಮೇಲೂ ಗಿಡದ ನೆರಳಿನಲ್ಲಿಯೂ ಐದಾರು ಮಕ್ಕಳನ್ನು ಕೂಡಿಸಿಕೊಂಡು ಪಾಠ ಹೇಳತೊಡಗಿದರು. ರೋಗವು ಹಬ್ಬೀತೆಂದು ಅಕ್ಟೋಬರದಲ್ಲಿ ಅದನ್ನು ನಿಲ್ಲಿಸಿ, 2021ರ ಜನೆವರಿಯಲ್ಲಿ ಮರಳಿ ಆರಂಭಿಸಿದರು. ನಮ್ಮೂರಿನಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ: ಪರದೆಯ ಮೇಲಿನ ಪಾಠವು ಹಿಡಿದಿಡಲಾರದ ಮಕ್ಕಳನ್ನು ಕಟ್ಟೆಯ ಮೇಲೆ ಕುಳಿತ ಒಬ್ಬ ಮಾಸ್ತರರು ಹಿಡಿದಿಟ್ಟರು. ಪಾಠವು ದೂರದಿಂದ ಬರಬಹುದು. ಮಗುವಿನ ಬಗಲಿಗೆ ಕೂಡ್ರುವವರು ಮಾತ್ರ ಹತ್ತಿರದವರೇ ಆಗಬೇಕು.

ಹೊರದೇಶದವರು ಬಹು ಹಿಂದೆಯೇ ಈ ಮರ್ಮವನ್ನು ಅರಿತಿದ್ದರು. ಅಮೇರಿಕೆಯ ನೆಬ್ರಾಸ್ಕ ಸೀಮೆಯಲ್ಲಿ ನಮ್ಮ ಎರೆಸೀಮೆಯಂತೆಯೇ ದೂರದೂರದ ಊರುಗಳು, ಚಿಕ್ಕಚಿಕ್ಕ ಶಾಲೆಗಳು. ಅಲ್ಲಿಯ ವಿಶ್ವವಿದ್ಯಾಲಯವು 1929ರಿಂದ, ಆ ಶಾಲೆಗಳು ತಾವಾಗಿ ಕಲಿಸಲಾರದ ವಿಷಯಗಳನ್ನು ಟಪಾಲಿನ ಮೂಲಕ ಕಲಿಸತೊಡಗಿತು. ಆದರೆ ಮಕ್ಕಳನ್ನು ಮನೆಯಲ್ಲಿ ಬಿಡಲಿಲ್ಲ; ತಮ್ಮ ಶಾಲೆಯಲ್ಲಿಯೇ, ನೇಮಿಸಿದ ತಾಸಿನಲ್ಲಿ, ಅಲ್ಲಿಯ ಶಿಕ್ಷಕರೊಬ್ಬರ ಕಣ್ಣೆದುರಿಗೆ ಕುಳಿತು ಪಾಠವನ್ನು ಬರೆಯುವ ಕ್ರಮವನ್ನಿಟ್ಟರು. ಆ ಶಿಕ್ಷಕರು ಆ ವಿಷಯದಲ್ಲಿ ಪಂಡಿತರಾಗಿರಬೇಕೆಂಬ ನಿಯಮವಿರಲಿಲ್ಲ. ಆಸ್ಟ್ರೇಲಿಯದ ನಡುನಾಡಿನಲ್ಲಿ 1951ರಲ್ಲಿ ಆರಂಭವಾದ 'ಆಕಾಶಶಾಲೆ'ಯಲ್ಲಿಯೂ ಹಾಗೆಯೇ. ನೂರಾರು ಮೈಲು ದೂರದ ದನದ ಹಟ್ಟಿಗಳಲ್ಲಿದ್ದ ಮಕ್ಕಳೊಡನೆ ಗುರುಗಳು ರೇಡಿಯೊದಲ್ಲಿ ಮಾತನಾಡುತ್ತಿದ್ದರು, ಮನೆಯಲ್ಲಿ ತಾಯಿಯೋ ಮತ್ತೊಬ್ಬರೋ ಮಗುವಿನ ಬಗಲಿಗೆ ಕೂಡ್ರುತ್ತಿದ್ದರು.

ನನ್ನ ಸ್ವಂತ ಅನುಭವವೂ ಇದಕ್ಕೆ ಸಾಕ್ಷಿಯಾಗಿದೆ. ಪಾಠಶಾಲೆಯಲ್ಲಿ ನನಗೆ ವ್ಯಾಕರಣವನ್ನು ಹೇಳುತ್ತಿದ್ದ ಗುರುಗಳು ವೃದ್ಧಾಪ್ಯದಿಂದ ತಮ್ಮ ಊರಿಗೆ ಹೋದರು. ಪಾಠವು ಅರ್ಧಕ್ಕೆ ನಿಂತಿತು. ಆಗ ಅವರು, ವಾರಕ್ಕೊಂದು ಕಾರ್ಡು ಬರೆ, ನಾನು ತಿದ್ದಿ ಕಳುಹಿಸುವೆನೆಂದರು. ಎರಡು ವರ್ಷ ಹಾಗೆ ನಡೆಯಿತು. ನನ್ನ ರೂಪಗಳನ್ನು ಅವರು ಕೆಂಪು ಶಾಯಿಯಲ್ಲಿ ತಿದ್ದಿ ಕಳುಹಿಸುವರು. ಕಡೆಕಡೆಗೆ ಕೆಂಪು ಶಾಯಿಯು ಕಡಿಮೆಯಾಯಿತು. ನಾನು ಹಿಗ್ಗಿದೆನು. ಎರಡು ವರ್ಷಗಳ ತರುವಾಯ ಅವರ ಊರಿಗೆ ಹೋಗಿ ಎದುರಿಗೆ ನಿಂತು ಹೇಳಿದಾಗ, ಗುರುಗಳು ಕಣ್ಣು ಮುಚ್ಚಿಕೊಂಡು ಕೇಳಿ, "ತಮ್ಮಾ, ಬರಿಯೂದು ಶುದ್ಧ ಐತಿ, ನಾಲಿಗಿ ಮಾತ್ರ ನಿಮ್ಮ ಹೊಲದಾಗ ಉಳದೈತಿ" ಎಂದರು. ಬರೆಯುವಾಗ ನಾನು ಮಹಾಪ್ರಾಣವನ್ನು ತಪ್ಪದೆ ಹಾಕುತ್ತಿದ್ದೆನು; ಹೇಳುವಾಗ 'ಧನ'ವೆಂಬುದು 'ದನ'ವೇ ಆಗುತ್ತಿತ್ತು. ಕಾರ್ಡಿಗೆ ಕಿವಿಯಿಲ್ಲವಷ್ಟೆ! ಎರಡು ವರ್ಷದ ತಪ್ಪನ್ನು ತಿದ್ದಲು ಅವರ ಬಳಿ ಎಂಟು ದಿನ ಇರಬೇಕಾಯಿತು. ಆದರೆ ಆ ಕಾರ್ಡುಗಳಿಲ್ಲದಿದ್ದರೆ ತಿದ್ದಬೇಕಾದ ವಿದ್ಯೆಯೇ ನನ್ನಲ್ಲಿರುತ್ತಿರಲಿಲ್ಲ. ಇವೆರಡೂ ಮಾತುಗಳು ನಿಜವಾದುವು. ಒಂದನ್ನು ಹಿಡಿದು ಇನ್ನೊಂದನ್ನು ಬಿಡಲಾಗದು.

ಈ ವಿಚಾರದಿಂದ ಕಳೆದ ವರ್ಷ ಶ್ರೀಗಳವರ ಅಪ್ಪಣೆಯನ್ನು ಪಡೆದು ಶ್ರೀಮಠದ ಹಜಾರದಲ್ಲಿ ಒಂದು ಪ್ರಯತ್ನವನ್ನು ಮಾಡಿದೆವು. ಭಕ್ತರೊಬ್ಬರು ದೊಡ್ಡ ಪರದೆಯನ್ನು ಕೊಟ್ಟರು. ಗಣಿತದ ಪಾಠಗಳನ್ನು ರಾತ್ರಿಯ ಹೊತ್ತಿನಲ್ಲಿ ಇಳಿಸಿಟ್ಟುಕೊಂಡೆವು. ಏಳು ಮಕ್ಕಳು ಬಂದರು. ಪರದೆಯನ್ನು ಹಚ್ಚಿಕೊಟ್ಟು ನಾವು ನಮ್ಮ ಕೆಲಸಕ್ಕೆ ಹೋದೆವು. ತಿಂಗಳು ತುಂಬುವದರೊಳಗೆ ಏಳರಲ್ಲಿ ಮೂವರು ಉಳಿದರು. ಆಗ ನಾನೇ ಅವರೊಡನೆ ಕೂಡ್ರತೊಡಗಿದೆನು. ನನಗೆ ಆ ಗಣಿತದ ಗಂಧವೂ ಇಲ್ಲ. ಮಕ್ಕಳು ಪ್ರಶ್ನೆ ಕೇಳಿದರೆ, "ನನಗೂ ತಿಳಿಯಲಿಲ್ಲ, ಬರೆದಿಡು" ಎನ್ನುವದಷ್ಟೇ ನನ್ನ ಪಾಂಡಿತ್ಯವು. ಅದಕ್ಕಾಗಿ ಒಂದು ವಹಿಯನ್ನಿಟ್ಟೆವು. ಹದಿನೈದು ದಿನಕ್ಕೊಮ್ಮೆ ರವಿವಾರ ಹುಬ್ಬಳ್ಳಿಯಿಂದ ಒಬ್ಬ ಉಪನ್ಯಾಸಕರು ಬಂದು ಆ ವಹಿಯನ್ನು ತೆರೆದು ಒಂದೊಂದಾಗಿ ಬಿಡಿಸಿ ಹೇಳುವರು. ಬಿಟ್ಟುಹೋದ ನಾಲ್ವರಲ್ಲಿ ಮೂವರು ತಿರುಗಿ ಬಂದರು. ಒಬ್ಬ ಹುಡುಗನು ಬರಲೇ ಇಲ್ಲ. ಅವನು ಹೆಸರಿನ ಸುಗ್ಗಿಗೆ ಹೋದವನು ಅಲ್ಲಿಯೇ ದುಡಿಮೆಗೆ ನಿಂತನು. ಏಕೆ ತಿರುಗಿ ಬಂದಿರೆಂದು ಒಬ್ಬಳನ್ನು ಕೇಳಿದರೆ, "ನೀವು ದಿನಾ ಬಂದು ಕೂಡ್ರತೀರಲ್ರೀ ಶಾಸ್ತ್ರಿಗಳ, ನಾವು ಹ್ಯಾಂಗ ಬಿಡೂದ್ರೀ" ಎಂದಳು. ಇದಕ್ಕಿಂತ ಹೆಚ್ಚಿನ ಶಿಕ್ಷಣಶಾಸ್ತ್ರವನ್ನು ನಾನು ಯಾವ ಗ್ರಂಥದಲ್ಲಿಯೂ ಓದಿಲ್ಲ.

ಭಕ್ತಮಹಾಶಯರೇ, ಈ ಅಲ್ಪಾನುಭವದಿಂದ ಮುಂದಿನ ಕಾರ್ಯಕ್ಕೆ ಬೇಕಾದ ಐದು ಸಂಗತಿಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು, ಸ್ಥಳ ಮತ್ತು ವೇಳೆ. ಮನೆಯಲ್ಲಿ ಓದಿಕೊಳ್ಳಲೆಂದರೆ ಓದು ನಡೆಯದು. ಹುಡುಗಿಗೆ ಒಲೆಯ ಕೆಲಸ, ಹುಡುಗನಿಗೆ ದನದ ಕೆಲಸ ಬಂದೇ ಬರುವದು. ನಿತ್ಯವೂ ಒಂದೇ ತಾಸು, ಒಂದೇ ಹಜಾರ. ಕತ್ತಲಾಗುವದರೊಳಗೆ ಹೆಣ್ಣುಮಕ್ಕಳು ಮನೆ ಸೇರುವಂತಿರಬೇಕು.

ಎರಡನೆಯದು, ಜೊತೆಗೆ ಕೂಡ್ರುವವರು. ಇವರು ಪಂಡಿತರಾಗಿರಬೇಕಾಗಿಲ್ಲ, ತಪ್ಪದೆ ಬರುವವರಾಗಿರಬೇಕು. ನಿವೃತ್ತ ಮಾಸ್ತರರು, ಓದಿದ ಸೊಸೆಯಂದಿರು ನಮ್ಮ ಊರುಗಳಲ್ಲಿ ಕಡಿಮೆಯಿಲ್ಲ.

ಮೂರನೆಯದು, ಸಂಶಯನಿವಾರಣೆ ಮತ್ತು ಪ್ರಯೋಗ. ರಸಾಯನದ ಕೊಳವೆಯನ್ನು ಕೈಯಲ್ಲಿ ಹಿಡಿಯದವನಿಗೆ ರಸಾಯನವು ಬಾರದು. ಪರದೆಯು ತೋರಿಸೀತು, ಕೈಗೆ ಕೊಡಲಾರದು. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯವರು ಸಹ ವಿಜ್ಞಾನ ವಿಷಯಗಳಿಗೆ ಅಭ್ಯಾಸಕೇಂದ್ರದಲ್ಲಿ ಪ್ರಯೋಗಗಳನ್ನು ಮಾಡಿಸುತ್ತಾರೆ. ಆದುದರಿಂದ ಮಕ್ಕಳನ್ನು ನಿಯಮಿತ ದಿನಗಳಲ್ಲಿ ಪ್ರಯೋಗಶಾಲೆಯಿರುವ ಕಾಲೇಜಿಗೆ ಕರೆದೊಯ್ಯಲು ಒಂದು ವಾಹನದ ಏರ್ಪಾಡು ಆಗತಕ್ಕದ್ದು. ನಿತ್ಯದ ಎರಡು ಬಸ್ಸುಗಳನ್ನು ಒಲ್ಲೆನೆಂದ ತಂದೆಯೂ ಶ್ರೀಮಠದವರೊಡನೆ ತಿಂಗಳಿಗೆರಡು ಸಲ ಕಳುಹಿಸಲು ಒಪ್ಪುವನು.

ನಾಲ್ಕನೆಯದು, ಭಾಷೆ. ಕನ್ನಡದಲ್ಲಿ ಓದಿದ ಮಗುವಿಗೆ ಇಂಗ್ಲಿಷಿನ ಪಾಠವು ಎದುರಾದಾಗ ವಿಷಯಕ್ಕಿಂತ ಮೊದಲು ಮಾತೇ ಗೋಡೆಯಾಗುವದು. ಆದುದರಿಂದ ಮೊದಲ ಮೂರು ತಿಂಗಳು ಪಾರಿಭಾಷಿಕ ಶಬ್ದಗಳನ್ನೇ ಎರಡೂ ಭಾಷೆಗಳಲ್ಲಿ ಕಲಿಸಬೇಕು. ಈ ಕೆಲಸದಲ್ಲಿ ನನ್ನಂಥ ವ್ಯಾಕರಣದವನೂ ಉಪಯೋಗಕ್ಕೆ ಬಂದಾನು.

ಐದನೆಯದು, ಮಾನ್ಯತೆ. ಇದನ್ನು ನಾನು ಎಚ್ಚರಿಸಿ ಹೇಳುತ್ತೇನೆ. ದೂರಶಿಕ್ಷಣದ ಹೆಸರಿನಲ್ಲಿ ಹಣ ಪಡೆದು ಕಾಗದ ಕೊಡುವವರೂ ಉಂಟು. ಸರಕಾರದ ಸಂಸ್ಥೆಗಳಿಗೂ ಈ ತೊಡಕು ತಪ್ಪಿಲ್ಲ. 2015ರಲ್ಲಿ ನಮ್ಮ ರಾಜ್ಯದ ಮುಕ್ತ ವಿಶ್ವವಿದ್ಯಾಲಯದ ಮಾನ್ಯತೆಯನ್ನು ಯು. ಜಿ. ಸಿ. ಯವರು ತೆಗೆದುಹಾಕಿ, 2018ರಲ್ಲಿ ಮರಳಿ ಕೊಟ್ಟರು. ಮಾನ್ಯತೆಯುಳ್ಳ ಸಂಸ್ಥೆಗಳ ದೂರಶಿಕ್ಷಣದ ಪದವಿಯು ನೇರಶಿಕ್ಷಣದ ಪದವಿಗೆ ಸಮಾನವೆಂದು 2022ರಲ್ಲಿ ಅವರೇ ಸ್ಪಷ್ಟಪಡಿಸಿದ್ದಾರೆ. ಆದುದರಿಂದ ಹೆಸರು ಹಚ್ಚುವ ಮೊದಲು ಆ ವರ್ಷದ, ಆ ವಿಷಯದ ಮಾನ್ಯತೆಯನ್ನು ಕಣ್ಣಾರೆ ನೋಡದೆ ಒಂದು ದುಡ್ಡನ್ನೂ ಕಟ್ಟಲಾಗದು. ವರ್ಷಗಟ್ಟಲೆ ಓದಿದ ಮಗುವಿನ ಕೈಯಲ್ಲಿ ನಡೆಯದ ಕಾಗದವು ಉಳಿದರೆ ಆ ಪಾಪವು ನಮ್ಮದಾಗುವದು.

ಇನ್ನು ನನ್ನ ಹಳೆಯ ವಾದದ ವಿಷಯ. ಗುರುಮುಖವಿಲ್ಲದ ವಿದ್ಯೆಯು ವಿದ್ಯೆಯಲ್ಲವೆಂದು ಹೇಳಿದ್ದೆನಷ್ಟೆ. ಆ ಮಾತನ್ನು ನಾನು ಪೂರ್ತಿಯಾಗಿ ಬಿಟ್ಟಿಲ್ಲ. ಪ್ರಸಾದನಿಲಯಗಳು ಬೇಡವಾದುವೆಂದೂ, ಕಾಲೇಜುಗಳು ಬೇಡವಾದುವೆಂದೂ ಯಾರೂ ತಿಳಿಯಬಾರದು. ಹೋಗಬಲ್ಲವನು ಹೋಗಲಿ, ಎದುರಿಗೆ ಕುಳಿತು ಕಲಿಯುವದಕ್ಕೆ ಸಮನಾದುದಿಲ್ಲ. ಹಳ್ಳಿಯವರಿಗೆ ಪರದೆಯೇ ಸಾಕೆಂದು ಮೇಲಿನವರು ಹೇಳಿ, ಇದ್ದ ಮಾಸ್ತರರನ್ನೂ ಕಿತ್ತುಕೊಂಡರೆ ನಾವು ಸುಮ್ಮನಿರಲಾಗದು. ದೂರಶಿಕ್ಷಣವು ಇದ್ದ ಗುರುವಿನ ಸ್ಥಾನದಲ್ಲಿ ಬರತಕ್ಕದ್ದಲ್ಲ. ಗುರುವು ಇಲ್ಲದ ಬರಿದಾದ ಸ್ಥಾನದಲ್ಲಿ ಬರತಕ್ಕದ್ದು. ಆದರೆ ಹೋಗಲಾರದವಳನ್ನು ನೋಡಿ, ಗುರುಮುಖವಿಲ್ಲದ ವಿದ್ಯೆಯು ನಿನಗೆ ಬೇಡವೆಂದು ಹೇಳುವ ಅಧಿಕಾರವು ನನಗೆ ಎಲ್ಲಿಯದು? ಅರ್ಧ ಹಸಿವನ್ನು ಕಳೆಯುವ ಅನ್ನವಿದ್ದಾಗ, ಪೂರ್ಣ ಊಟವಿಲ್ಲವೆಂದು ಎಲೆಯನ್ನು ತೆಗೆಯುವವನು ದಾಸೋಹಿಯಾಗಲಾರನು.

ಶ್ರೀಮಠದ ಧರ್ಮವು ದಾಸೋಹವು. ಹಿಂದೆ ವಿದ್ಯೆಯನ್ನು ಹುಡುಕಿಕೊಂಡು ಹೋದವರಿಗೆ ಮಠಗಳು ಅನ್ನವನ್ನು ಕೊಟ್ಟುವು. ಈಗ ಹೋಗಲಾರದವರಿಗಾಗಿ ಒಂದು ಹಜಾರ, ಒಂದು ದೀಪ, ದಿನಕ್ಕೆ ಎರಡು ತಾಸು ಜೊತೆಗೆ ಕೂಡ್ರುವ ಒಬ್ಬ ಮನುಷ್ಯ ಇಷ್ಟನ್ನು ಕೊಡಬೇಕಾಗಿದೆ. ಹಣವನ್ನು ಕೊಡಬಲ್ಲವರು ಹಣವನ್ನು ಕೊಡಿರಿ. ಅದಕ್ಕಿಂತಲೂ ದೊಡ್ಡದು ವೇಳೆಯ ಕಾಣಿಕೆ. ಈ ಸಭೆಯಲ್ಲಿರುವ ನಿವೃತ್ತ ಮಾಸ್ತರರು, ಪಟ್ಟಣದಲ್ಲಿ ಓದಿ ಬಂದ ತರುಣರು, ತಾಯಂದಿರು ವಾರಕ್ಕೆ ಒಂದು ಸಂಜೆಯನ್ನು ಶ್ರೀಮಠಕ್ಕೆ ಒಪ್ಪಿಸಿದರೆ ಸಾಕು. ಈ ಗೋಷ್ಠಿಯು ಮುಗಿದ ಮೇಲೆ ಕಾರ್ಯಾಲಯದಲ್ಲಿ ಒಂದು ವಹಿಯನ್ನಿಟ್ಟಿರುತ್ತಾರೆ. ಅದರಲ್ಲಿ ನಿಮ್ಮ ಹೆಸರನ್ನೂ ವಾರವನ್ನೂ ಬರೆಯಿರಿ.

ಮುಂದಿನ ಜೇಷ್ಠಮಾಸದಲ್ಲಿ ಎಸ್. ಎಸ್. ಎಲ್. ಸಿ. ಮುಗಿಸಿದ ಮಗಳನ್ನು ಕರೆದುಕೊಂಡು ಯಾವನೋ ಒಬ್ಬ ರೈತನು ನನ್ನ ಬಳಿಗೆ ಬಂದೇ ಬರುವನು. ಆಗ ಅವನಿಗೆ ನಾನು ಬೇರೊಂದು ಉತ್ತರವನ್ನು ಹೇಳುವಂತಾಗಬೇಕು. ಆ ಉತ್ತರವು ನಿಮ್ಮ ಕೈಯಲ್ಲಿದೆ.